ಅಪ್‌ಡೇಟ್: ಚನ್ನಪಟ್ಟಣ ಗೊಂಬೆ ಫೋಟೋಗಳಲ್ಲಿ ಬೀಳುತ್ತಿದ್ದ ಬಿಳಿ ಚುಕ್ಕೆ ಹೋಯಿತು

ಅರಗಿನ ಬಣ್ಣದ ಗೊಂಬೆಗಳನ್ನು ಫೋನಿನಲ್ಲಿ ತೆಗೆದರೆ ಮೈಮೇಲೆಲ್ಲ ಬಿಳಿ ಚುಕ್ಕೆ ಬೀಳುತ್ತದೆ, ಹಳದಿ ಒಂಥರಾ ಹಸಿರಾಗಿ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಸರಿಹೋಯಿತು.

ಕೆಲಸ ಮಾಡಿದ್ದು ಬಿಳಿ ಪಂಚೆಯ ಐಡಿಯಾ. ಹೇಳಿದವರಿಗೆ ದೊಡ್ಡ ನಮಸ್ಕಾರ. ಬಿಸಿಲು ಬೀಳುವ ಕಿಟಕಿಗೆ ತೆಳು ಪಂಚೆ ಕಟ್ಟಿ, ಗೊಂಬೆಯನ್ನು ಅದರಿಂದ ಒಂದು ಮೊಳ ದೂರ ಇಟ್ಟು, ಇನ್ನೊಂದು ಪಕ್ಕಕ್ಕೆ ಬೆಳಕು ತಿರುಗಿ ಬೀಳಲಿ ಅಂತ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದೆ. ಹೊಳಪು ಹೋಗಲಿಲ್ಲ, ಹೋಗಲೂಬಾರದು ಅಲ್ವಾ, ಚುಕ್ಕೆ ಇದ್ದ ಕಡೆ ಈಗ ಅಂಚು ಮಸುಕಾದ ಅಗಲ ಪಟ್ಟೆ ಬರುತ್ತದೆ, ಅದರಿಂದಲೇ ಗೊಂಬೆಯ ದುಂಡು ಗೊತ್ತಾಗುತ್ತದೆ. ಬೆಳಕು ಬರುವ ಜಾಗ ದೊಡ್ಡದಿದ್ದಷ್ಟೂ, ಹತ್ತಿರವಿದ್ದಷ್ಟೂ ಒಳ್ಳೆಯದು. ಟ್ಯೂಬ್‌ಲೈಟ್ ಆರಿಸಿದ ಮೇಲೆ ಹಸಿರು ಛಾಯೆಯೂ ಹೋಯಿತು. ಎರಡು ಥರದ ಬೆಳಕು ಬೆರೆತರೆ ಫೋನಿಗೆ ಯಾವುದು ಬಿಳಿ ಅಂತ ತಿಳಿಯುವುದಿಲ್ಲ.

ರಿಂಗ್ ಲೈಟ್ ಮಾತ್ರ ಸುಮ್ನೆ ದುಡ್ಡು ದಂಡ. ಪ್ರತಿ ಗೊಂಬೆಯ ಹೊಟ್ಟೆ ಮೇಲೂ ಒಂದು ಬಿಳಿ ಬಳೆ! ಲೆನ್ಸ್ ಮುಂದೆ ಇಟ್ಟು ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಕೆಲಸ ಅರ್ಧಂಬರ್ಧ: ಮೈ ಬಾಗಿರುವುದರಿಂದ ಒಂದು ಕಡೆ ಹೊಳಪು ಇಳಿದರೆ ಇನ್ನೊಂದು ಕಡೆ ಹಾಗೇ ಉಳಿಯುತ್ತದೆ.

ಗೊತ್ತಿಲ್ಲದ ವಿಷಯ ಒಂದು ಸಿಕ್ಕಿತು. ಹಿಂದೆ ಬಿಳಿ ಚಾರ್ಟ್ ಪೇಪರ್ ಇಟ್ಟರೆ ಫೋನ್ ಎಲ್ಲವನ್ನೂ ಬೂದು ಮಾಡುತ್ತದೆ, ಗೊಂಬೆ ಮೇಲೆ ಬೆರಳೊತ್ತಿ ಎಕ್ಸ್‌ಪೋಶರ್ (ಫೋಟೋದ ಬೆಳಕಿನ ಮಟ್ಟ) ಸ್ವಲ್ಪ ಮೇಲಕ್ಕೆ ಎಳೆಯಬೇಕು. ಬಣ್ಣ ಹಾಕದ ಹಾಲೆ ಮರದ ಗಿಲಕಿಗಳು ಆ ಬಿಳಿಯಲ್ಲಿ ಕರಗಿಹೋಗುತ್ತಿದ್ದವು. ಫ್ರೇಮಿನ ಹೊರಗೆ ಎರಡೂ ಪಕ್ಕ ಕಪ್ಪು ಕಾಗದ ನಿಲ್ಲಿಸಿದೆ, ಅಂಚು ಗೆರೆ ಎಳೆದ ಹಾಗೆ ಬಂತು.