ಓದುವ ಗ್ರೂಪಿನಲ್ಲಿ ನಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ, ಏನು ಮಾಡೋದು?

ಕೇಳಿದವರು, ಕಲಬುರಗಿ:
ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದೇನೆ. ನೋಟ್ಸ್ ಸಿಗುತ್ತವೆ ಅಂತ ದೊಡ್ಡದೊಂದು ವಾಟ್ಸಾಪ್ ಗ್ರೂಪ್ ಸೇರಿದೆ. ಈಗ ಗುರುತಿಲ್ಲದವರು ಮೆಸೇಜ್ ಮಾಡುತ್ತಾರೆ. ಒಬ್ಬ ನಮ್ಮ ಊರ ಹೆಸರು ಹೇಳಿ "ನಿಮ್ಮಪ್ಪ ಗೊತ್ತು" ಅಂದ. ಮನೇಲಿ ತಿಳಿದರೆ ಮೊಬೈಲೇ ಬೇಡ ಅಂತಾರೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಸೇಡಂನಿಂದ:
ತಂಗಿ, ಮಾಮೂಲಿ ವಾಟ್ಸಾಪ್ ಗ್ರೂಪಿನಲ್ಲಿ ನಂಬರ್ ಮುಚ್ಚಿಡಲು ಆಗಲ್ಲ. ಒಂದು ಗ್ರೂಪಿಗೆ 1024 ಜನ ಸೇರಬಹುದು, ಅಷ್ಟೂ ಜನಕ್ಕೆ ಕಾಣುತ್ತದೆ. ಫೋಟೋ, ಲಾಸ್ಟ್ ಸೀನ್ ಮಾತ್ರ ಪ್ರೈವಸಿಗೆ ಹೋಗಿ 'ಮೈ ಕಾಂಟ್ಯಾಕ್ಟ್ಸ್' ಮಾಡಬಹುದು. ನಮ್ಮ ಬ್ಯಾಚಿನವರು ನೋಟ್ಸನ್ನು ಟೆಲಿಗ್ರಾಂ ಚಾನೆಲ್‌ಗೆ ಹಾಕಿಕೊಂಡೆವು. ಅಲ್ಲಿ ಯಾರು ಸೇರಿದ್ದಾರೆ ಅಂತ ಅಡ್ಮಿನ್‌ಗಷ್ಟೇ ಕಾಣುತ್ತದೆ. ಟೆಲಿಗ್ರಾಂನಲ್ಲಿ ನಂಬರನ್ನು 'ನೋಬಡಿ' ಮಾಡಲು ಮರೆಯಬೇಡಿ.

ಬೀದರ್‌ನಿಂದ:
ಫೋಟೋಗಿಂತ ಹೆಸರು ನೋಡಿಕೊಳ್ಳಿ. ನಂಬರ್ ಸೇವ್ ಮಾಡದವರಿಗೂ ವಾಟ್ಸಾಪಿನಲ್ಲಿ ನಾವು ಬರೆದ ಹೆಸರು ಕಾಣುತ್ತದೆ, ಅದನ್ನು ಮರೆಮಾಡುವ ಸೆಟ್ಟಿಂಗ್ ಇಲ್ಲ. ನಮ್ಮ ಕಡೆ ಎಷ್ಟೋ ಮಂದಿಗೆ ಅಡ್ಡಹೆಸರೇ ಊರಿನ ಹೆಸರು. ಪಾಟೀಲ ಅಂದರೆ ಪರವಾಗಿಲ್ಲ, ಊರಿಗೆ ಹತ್ತು ಮನೆ ಇರುತ್ತವೆ! ಸಣ್ಣ ಹಳ್ಳಿಯ ಹೆಸರಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೂ ಮನೆ ತೋರಿಸುತ್ತಾರೆ. ನಾನು ಅಡ್ಡಹೆಸರು ತೆಗೆದು ಬರೀ ಹೆಸರಿನ ಮೊದಲ ಅಕ್ಷರ ಇಟ್ಟೆ.

ಯಾದಗಿರಿಯಿಂದ:
ಅಕ್ಕ ಹೇಳಿದ್ದು ಸರಿ, ಆದರೆ ಅರ್ಧ ಕೆಲಸ. ಅದೇ ನಂಬರನ್ನು ಫೋನ್‌ಪೇಯಲ್ಲಿ ಹಾಕಿ ನೋಡಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬರುತ್ತದೆ. ಅದಕ್ಕೇ ನಾನು ಗ್ರೂಪುಗಳಿಗೆ ಬೇರೆ ಸಿಮ್ ಇಟ್ಟಿದ್ದೇನೆ, ಅದಕ್ಕೆ ಬ್ಯಾಂಕ್ ಜೋಡಿಸಿಲ್ಲ. ರೀಚಾರ್ಜ್ ಖರ್ಚು ಇದ್ದೇ ಇದೆ, ಎಲ್ಲರಿಗೂ ಆಗಲ್ಲ.

ನಾನೂ ಒಂದು ಗ್ರೂಪಿನ ಅಡ್ಮಿನ್. ದಿನಾ ತಲೆ ಕೆಡಿಸುವುದು 371ಜೆ ಸರ್ಟಿಫಿಕೇಟ್, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ ಪ್ರಮಾಣಪತ್ರ. "ಸರ್, ಇದು ಸರಿ ಇದೆಯಾ?" ಅಂತ ಫೋಟೋ ಹಾಕಿಬಿಡುತ್ತಾರೆ. ಅದರಲ್ಲಿ ತಂದೆ ಹೆಸರು, ಊರು, ತಾಲೂಕು ಎಲ್ಲ ಇರುತ್ತದೆ. ಹಾಲ್ ಟಿಕೆಟ್ಟೂ ಅಷ್ಟೇ, ಜನ್ಮ ದಿನಾಂಕ ಸಮೇತ. ತಂಗಿ, ನೀವೂ ಹಾಗೇನಾದರೂ ಹಾಕಿದ್ದರೆ "ನಿಮ್ಮಪ್ಪ ಗೊತ್ತು" ಅಂದವನಿಗೆ ಎಲ್ಲಿಂದ ಗೊತ್ತಾಯಿತು ಅಂತ ಯೋಚಿಸಬೇಕಿಲ್ಲ. ಹಳೆಯದನ್ನು ನೀವು ಡಿಲೀಟ್ ಮಾಡಲಾಗದಿದ್ದರೆ ಅಡ್ಮಿನ್ ಮಾಡಬಹುದು, ಕೇಳಿ. ಇನ್ನು ಸುಮ್ನೆ ಹೆಸರು, ವಿಳಾಸದ ಮೇಲೆ ಬೆರಳಿಟ್ಟು ಫೋಟೋ ತೆಗೆಯಬೇಡಿ, ಅರ್ಧ ಕಾಣುತ್ತದೆ. ಕ್ರಾಪ್ ಮಾಡಿ.

ಕಲಬುರಗಿಯಿಂದ, ವಕೀಲರ ಕಚೇರಿಯಲ್ಲಿ ಕೆಲಸ:
ಸೆಟ್ಟಿಂಗ್ ಆಮೇಲೆ ನೋಡಿದರಾಯಿತು. ಮೊದಲು ಆ ಮನುಷ್ಯನಿಗೆ "ಮೆಸೇಜ್ ಮಾಡಬೇಡಿ" ಅಂತ ಒಂದೇ ಸಲ ಸ್ಪಷ್ಟವಾಗಿ ಬರೆಯಿರಿ. ನಂಬರ್, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಚಾಟ್ ಅಳಿಸಬೇಡಿ, ಸಾಕ್ಷಿ ಅದೇ. ಬೇಡ ಅಂದ ಮೇಲೂ ಮತ್ತೆ ಮತ್ತೆ ಹೆಣ್ಣುಮಗಳ ಹಿಂದೆ ಬಿದ್ದು ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ನಮ್ಮಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು.

ಮನೆಯ ವಿಷಯ ನಿಮಗೇ ಬಿಟ್ಟದ್ದು. ಆದರೆ ಅವನು ಅಪ್ಪನ ಹೆಸರು ಎತ್ತಿದ್ದಾನೆ ಅಲ್ವಾ? ಅವನು ಹೇಳುವ ಮೊದಲು ನೀವೇ ಅಮ್ಮನಿಗೆ ಹೇಳಿ, ಸ್ಕ್ರೀನ್‌ಶಾಟ್ ತೋರಿಸಿಯೇ ಹೇಳಿ.

ಸೇಡಂನಿಂದ ಮತ್ತೆ:
ಚಾನೆಲ್ ಲಿಂಕ್ ಬೇಕಿದ್ದರೆ ಹೇಳಿ ತಂಗಿ. ಇಲ್ಲಿ ನಂಬರ್ ಹಾಕಬೇಡಿ.