ರಿಸೀವರ್ ಸಂಜೆ ಹೊತ್ತು ಮಾತ್ರ ತಾನಾಗೇ ಆಫ್ ಆಗ್ತಿದೆ, ಹಗಲು ಏನೂ ತೊಂದರೆ ಇಲ್ಲ

ಅಡಿಕೆತೋಟ | ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ತಲೆ ಕೆಟ್ಟುಹೋಗಿದೆ. ಮನೆಯ ಎ.ವಿ. ರಿಸೀವರ್ (ಟಿವಿ, ಸಿ.ಡಿ. ಸೌಂಡನ್ನು ಸ್ಪೀಕರ್‌ಗಳಿಗೆ ಕೊಡೋ ಆಂಪ್ಲಿಫೈಯರ್ ಪೆಟ್ಟಿಗೆ) ಸಂಜೆ ಏಳೂವರೆ ಆದಮೇಲೆ ಟಿಕ್ ಅಂತ ಶಬ್ದ ಮಾಡಿ ಆಫ್ ಆಗುತ್ತೆ. ಮತ್ತೆ ಆನ್ ಮಾಡಿದರೆ ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ ಓಡುತ್ತೆ, ಮತ್ತೆ ಟಿಕ್. ಅಮ್ಮ ಧಾರಾವಾಹಿ ನೋಡೋದೇ ಬಿಟ್ಟಿದ್ದಾರೆ. ಹಗಲಲ್ಲಿ ಮೂರು ಗಂಟೆ ಯಕ್ಷಗಾನ ಹಾಕಿದರೂ ಒಂದು ಸಲವೂ ಆಫ್ ಆಗಿಲ್ಲ. ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಎರಡು ದಿನ ಇಟ್ಟುಕೊಂಡು, ಧೂಳು ಹೊಡೆದು, "ಇದಕ್ಕೆ ಏನೂ ಆಗಿಲ್ಲ" ಅಂತ ವಾಪಸ್ ಕೊಟ್ಟರು. ಮನೆಗೆ ತಂದ ದಿನವೇ ಸಂಜೆ ಮತ್ತೆ ಅದೇ ಕಥೆ. ಹೊಸದು ತಗೊಳ್ಳೋ ಮಾತೇ ಇಲ್ಲ, ಈ ಸಲ ತೋಟಕ್ಕೆ ಕೊಳೆರೋಗ ಬಿದ್ದಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಧಾರವಾಡ_ಡೆಕ್ | ಸೋಮವಾರ, ರಾತ್ರಿ 10:12

ಸಂಜಿ ಮುಂದ ಅಷ್ಟೇ ಆಗ್ತದ ಅಂದ್ರ ಅದು ವೋಲ್ಟೇಜ್ ರೀ, ಬ್ಯಾರೆ ಏನೂ ಅಲ್ಲ. ಎಲ್ಲಾರ ಮನ್ಯಾಗೂ ಲೈಟು, ಟಿವಿ, ಮಿಕ್ಸಿ ಒಮ್ಮೆಲೆ ಚಾಲೂ ಆಗ್ತಾವ, ವೋಲ್ಟೇಜ್ ಇಳೀತದ, ರಿಸೀವರ್ ತನ್ನ ತಾನ ಉಳಿಸ್ಕೊಳ್ಳಾಕ ಬಂದ್ ಆಗ್ತದ. ನಮ್ಮ ಹಳ್ಳಿ ಮನ್ಯಾಗ ಹಿಂಗ ಆಗಿತ್ತು. ಸ್ಟೆಬಿಲೈಸರ್ ಹಾಕಿದ ಮ್ಯಾಲೆ ಒಂದ ದಿನಾನೂ ತ್ರಾಸ ಕೊಟ್ಟಿಲ್ಲ. ನಾಳೇನ ತರ್ರಿ.

ಸೀರೀಸ್‌ಬಲ್ಬ್ | ಸೋಮವಾರ, ರಾತ್ರಿ 10:40

ಏನನ್ನೂ ತರೋ ಮೊದಲು ನಾಲ್ಕು ವಿಷಯ ತಿಳಿಸಿ. ಎಷ್ಟು ಚಾನೆಲ್‌ನ (ಒಂದೊಂದು ಸ್ಪೀಕರ್‌ಗೆ ಒಂದೊಂದು ಚಾನೆಲ್) ರಿಸೀವರ್, ಎಷ್ಟು ಸ್ಪೀಕರ್ ಹಾಕಿದ್ದೀರಿ? ಆಫ್ ಆದಮೇಲೆ ಮುಂದಿನ ಕೆಂಪು ದೀಪ ಸುಮ್ಮನೆ ಉರಿಯುತ್ತಾ, ಮಿನುಗುತ್ತಾ? ಎಲ್ಲಿ ಇಟ್ಟಿದ್ದೀರಿ? ಸಂಜೆ ಏನು ಕೇಳ್ತೀರಿ, ಹಗಲು ಏನು ಕೇಳ್ತೀರಿ? ದೀಪದ ವಿಷಯ ಮರೀಬೇಡಿ. ಸ್ಲೀಪ್ ಟೈಮರ್‌ನಿಂದಲೋ ಆಟೊ ಸ್ಟ್ಯಾಂಡ್‌ಬೈನಿಂದಲೋ ಆಫ್ ಆದರೆ ದೀಪ ಸಾಮಾನ್ಯವಾಗಿ ಸುಮ್ಮನಿರುತ್ತೆ. ಪ್ರೊಟೆಕ್ಷನ್‌ಗೆ ಹೋದರೆ, ಅಂದರೆ ತನ್ನನ್ನು ತಾನೇ ಕಾಪಾಡಿಕೊಳ್ಳೋಕೆ ಆಫ್ ಆದರೆ, ಬಹಳಷ್ಟು ರಿಸೀವರ್‌ಗಳಲ್ಲಿ ಮಿನುಗುತ್ತೆ.

ಕುಡ್ಲ_ಹೈಫೈ | ಮಂಗಳವಾರ, ಬೆಳಿಗ್ಗೆ 7:05

ಶೋಕೇಸಿನ ಒಳಗೆ ತುರುಕಿಸಿ ಇಟ್ಟಿದ್ದೀರಾ ಎಂತ? ನೂರಕ್ಕೆ ತೊಂಬತ್ತು ಕೇಸು ಬಿಸಿಯದ್ದೇ ಮಾರಾಯ್ರೆ. ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟಿದ್ದರೆ ಮೊದಲು ತೆಗೆಯಿರಿ. ನನ್ನ ರೂಮಿನಲ್ಲಿ ಏಳು ಚಾನೆಲಿನದ್ದು ಉಂಟು, ಹಿಂದೆ ಎರಡು ಕಂಪ್ಯೂಟರ್ ಫ್ಯಾನ್ ಕೂರಿಸಿ 12 ವೋಲ್ಟಿನದ್ದನ್ನು 7 ವೋಲ್ಟಿನಲ್ಲಿ ಓಡಿಸ್ತೇನೆ, ಶಬ್ದವೇ ಇಲ್ಲ. ಏಪ್ರಿಲ್ ಸೆಕೆಯಲ್ಲಿಯೂ ಒಂದು ಸಲ ಆಫ್ ಆದದ್ದಿಲ್ಲ.

ಅಡಿಕೆತೋಟ | ಮಂಗಳವಾರ, ರಾತ್ರಿ 8:30

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಐದು ಚಾನೆಲ್‌ನದು, ಆರು ವರ್ಷ ಹಳೆಯದು. ತೆರೆದ ಹಲಗೆ ಮೇಲಿದೆ, ಮೇಲ್ಗಡೆ ಒಂದಡಿ ಜಾಗ ಇದೆ. ಆಫ್ ಆದ ಕೂಡಲೇ ಮುಟ್ಟಿ ನೋಡಿದೆ, ಬೆಚ್ಚಗೂ ಆಗಿರಲಿಲ್ಲ. ವೋಲ್ಟೇಜ್ ಅಳೆದೆ: ಮಧ್ಯಾಹ್ನ 221, ಈಗ 188.

ಧಾರವಾಡ_ಡೆಕ್ | ಮಂಗಳವಾರ, ರಾತ್ರಿ 8:41

188! ನಾ ಮೊದಲ ಹೇಳಿದ್ನಿಲ್ಲೋ? ಇನ್ನ ಹುಡುಕೂದು ಏನೂ ಉಳಿದಿಲ್ಲ.

ಸೀರೀಸ್‌ಬಲ್ಬ್ | ಮಂಗಳವಾರ, ರಾತ್ರಿ 9:15

ಉಳಿದಿದೆ ಡೆಕ್ ಅವರೇ. 230ರ ಜಾಗದಲ್ಲಿ 188 ಬಂದರೆ, ಟ್ರಾನ್ಸ್‌ಫಾರ್ಮರ್ ಇರೋ ರಿಸೀವರ್‌ನೊಳಗಿನ ಸಪ್ಲೈ ಹೆಚ್ಚುಕಮ್ಮಿ ಶೇ 18 ಇಳಿಯುತ್ತೆ. ಆಗ ದೊಡ್ಡ ಸೌಂಡಿನಲ್ಲಿ ಧ್ವನಿ ಬೇಗ ಒಡೆಯುತ್ತೆ ಅಷ್ಟೇ. ಧಾರಾವಾಹಿ ಕೇಳೋಕೆ ಒಂದೆರಡು ವ್ಯಾಟ್ ಸಾಕು. ಅಷ್ಟಕ್ಕೆ ಇದು ಆಫ್ ಆಗಬೇಕಾಗಿಲ್ಲ. ಅಡಿಕೆತೋಟ ಅವರೇ, ದೀಪ ಮಿನುಗುತ್ತಾ ಅಂತ ಕೇಳಿದ್ದೆ.

ಅಡಿಕೆತೋಟ | ಶುಕ್ರವಾರ, ರಾತ್ರಿ 9:02

ಕ್ಷಮಿಸಿ, ಮೂರು ದಿನ ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಿನ್ನೆ ಸ್ಟೆಬಿಲೈಸರ್ ತಂದೆ, 2,400 ರೂಪಾಯಿ. ಈಗ ರಿಸೀವರ್‌ಗೆ 228 ಬರ್ತಿದೆ. ಇವತ್ತು ಸಂಜೆ ಮೂರು ಸಲ ಆಫ್ ಆಯ್ತು. ಹೌದು, ಕೆಂಪು ದೀಪ ಮಿನುಗುತ್ತೆ. ನಿಜವಾಗಿ ಬೇಜಾರಾಗಿದೆ.

ಧಾರವಾಡ_ಡೆಕ್ | ಶುಕ್ರವಾರ, ರಾತ್ರಿ 9:20

ರಿಲೇ ಸ್ಟೆಬಿಲೈಸರ್ ತಂದಿರೇನು? ಅದು ಟಕ್ ಟಕ್ ಅಂತ ಟ್ಯಾಪ್ ಬದಲ ಮಾಡ್ತದಲ್ಲ, ಆ ಕ್ಷಣದಾಗ ಕರೆಂಟ್ ಕಟ್ ಆಗ್ತದ. ಸರ್ವೊ (ಮೋಟಾರ್‌ಲೆ ವೋಲ್ಟೇಜ್ ಸರಿ ಮಾಡೂದು) ತಗೋಬೇಕಿತ್ತು.

ರೇಡಿಯೊಮನೆ | ಶುಕ್ರವಾರ, ರಾತ್ರಿ 9:48

ಆಂಪ್ಲಿಫೈಯರ್‌ಗೆ ಸ್ಟೆಬಿಲೈಸರ್ ಹಾಕೋದನ್ನು ನಾನು ಯಾವತ್ತೂ ಒಪ್ಪಲ್ಲ. ಬಾಸ್ ಸತ್ತುಹೋಗುತ್ತೆ, ಕೇಳಿ ನೋಡಿದವರಿಗೆ ಗೊತ್ತು. ನನ್ನ ಹತ್ತಿರ ಎನ್‌ಎಡಿ 3020 ಅನ್ನೋ ಹಳೆಯ ಆಂಪ್ಲಿಫೈಯರ್ ಇದೆ, ಔಟ್‌ಪುಟ್‌ನಲ್ಲಿ 2ಎನ್3055 ಟ್ರಾನ್ಸಿಸ್ಟರ್ ಜೋಡಿ. ಬರೆದಿರೋದು 20 ವ್ಯಾಟ್, ಆದರೆ ಅದರ ತೂಕ ಕಿವಿಗೇ ಗೊತ್ತಾಗಬೇಕು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೆಪಾಸಿಟರ್ ಹುಡುಕಿ ತಂದು ನಾನೇ ಬದಲಾಯಿಸಿದ್ದೀನಿ. ನೇರ ಗೋಡೆಯ ಪ್ಲಗ್‌ಗೆ ಹಾಕಿದ್ದೀನಿ. ಈಗಿನ ರಿಸೀವರ್‌ಗಳಲ್ಲಿ ವಿಡಿಯೊ ಬೋರ್ಡು, ನೆಟ್‌ವರ್ಕ್ ಬೋರ್ಡು, ಎಲ್ಲ ಸೇರಿಸಿ ಕೆಡೋಕೆ ಇರೋ ಜಾಗಗಳೇ ಜಾಸ್ತಿ ಆಗಿವೆ.

ಧಾರವಾಡ_ಡೆಕ್ | ಶುಕ್ರವಾರ, ರಾತ್ರಿ 9:55

ಬಾಸ್ ಸಾಯ್ತದ ಅಂತ ಯಾರ ಹೇಳಿದ್ರು ರೀ? ಸಾಕಷ್ಟು ಕೆವಿಎ (ಲೋಡ್ ಹೊರೂ ತಾಕತ್ತು) ಇದ್ದದ್ದ ತಂದ್ರ ಏನೂ ಆಗೂದಿಲ್ಲ. ಸಣ್ಣದ ತಂದು ದೊಡ್ಡ ಆಂಪ್ಲಿಫೈಯರ್ ಹಚ್ಚಿದ್ರ ಸ್ಟೆಬಿಲೈಸರ್ ಏನ್ ಮಾಡ್ಬೇಕು?

ರೇಡಿಯೊಮನೆ | ಶುಕ್ರವಾರ, ರಾತ್ರಿ 10:03

ನಾನು 1 ಕೆವಿಎ ಹಾಕೇ ಕೇಳಿದ್ದು. ಬೇಕಿದ್ದರೆ ಮನೆಗೆ ಬನ್ನಿ, ಹಾಕಿ ತೆಗೆದು ಕೇಳಿಸ್ತೀನಿ.

ಕುಡ್ಲ_ಹೈಫೈ | ಶನಿವಾರ, ಬೆಳಿಗ್ಗೆ 6:50

ಬಿಸಿ ಅಲ್ಲ ಅಂತ ಈಗ ನಾನೂ ಒಪ್ಪುತ್ತೇನೆ. ಹಾಗಾದರೆ ಒಳಗೆ ಹಲ್ಲಿ ಉಂಟಾ ನೋಡಿ. ನಮ್ಮ ನೆರೆಮನೆಯ ಆಂಪ್ಲಿಫೈಯರಿನ ಪವರ್ ಸಪ್ಲೈ ಬೋರ್ಡಿನ ಮೇಲೆ ಹಲ್ಲಿ ಸತ್ತು ಅಂಟಿಕೊಂಡಿತ್ತು. ಬೆಚ್ಚಗೆ ಇರುವ ಜಾಗಕ್ಕೆ ಅವು ಬಂದೇ ಬರ್ತವೆ.

ಅಡಿಕೆತೋಟ | ಶನಿವಾರ, ರಾತ್ರಿ 8:15

ಹಲ್ಲಿ ಇಲ್ಲ, ಅಂಗಡಿಯವರು ಮುಚ್ಚಳ ತೆಗೆದಾಗ ನಾನೂ ನೋಡಿದ್ದೆ. ಇವತ್ತು ಅಮ್ಮ ಒಂದು ಮಾತು ಹೇಳಿದರು: "ಧಾರಾವಾಹಿ ನಡೀವಾಗ ಹೋಗಲ್ಲ ಕಣೋ, ಜಾಹೀರಾತು ಬಂದಾಗಲೇ ಹೋಗೋದು." ಪಕ್ಕದಲ್ಲೇ ಕೂತು ಗಮನಿಸಿದೆ. ನಿಜ. ಜಾಹೀರಾತಿನ ಸೌಂಡ್ ಎತ್ತರ ಇರುತ್ತಲ್ಲ, ಶುರುವಾದ ಕೂಡಲೇ ಟಿಕ್.

ಸೀರೀಸ್‌ಬಲ್ಬ್ | ಶನಿವಾರ, ರಾತ್ರಿ 8:32

ನಿಮ್ಮ ತಾಯಿಯವರು ಹೇಳಿದ್ದು ನಾವೆಲ್ಲ ಹೇಳಿದ್ದಕ್ಕಿಂತ ಉಪಯೋಗದ ಮಾತು. ಸೌಂಡ್ ಏರಿದ ಕ್ಷಣಕ್ಕೆ ಹೋಗುತ್ತೆ ಅಂದರೆ ಯಾವುದೋ ಚಾನೆಲ್ ಮಿತಿಮೀರಿ ಕರೆಂಟ್ ಎಳೀತಿದೆ.

ಆದರೆ ಒಂದು ಕಡೆ ಲೆಕ್ಕ ತಾಳೆ ಆಗ್ತಿಲ್ಲ. ಹಗಲು ಯಕ್ಷಗಾನ ಹಾಕ್ತೀರಿ, ಚೆಂಡೆ ಪೆಟ್ಟು ಯಾವ ಜಾಹೀರಾತಿಗಿಂತಲೂ ಜೋರು. ಅದಕ್ಕೆ ಆಫ್ ಆಗಲ್ಲ, ಇದಕ್ಕೆ ಆಗುತ್ತೆ. ಎರಡೂ ಹೊತ್ತು ಅವವೇ ಸ್ಪೀಕರ್‌ಗಳು ಕೆಲಸ ಮಾಡ್ತಿವೆಯಾ? ಡಿಸ್‌ಪ್ಲೇ ಮೇಲೆ ಯಾವ ಮೋಡ್ ಬರುತ್ತೆ ನೋಡಿ ಹೇಳಿ.

ಅಡಿಕೆತೋಟ | ಶನಿವಾರ, ರಾತ್ರಿ 8:50

ಯಕ್ಷಗಾನದ ಸಿ.ಡಿ. ಡೈರೆಕ್ಟ್ ಮೋಡ್‌ನಲ್ಲಿ, ಮುಂದಿನ ಎರಡು ಸ್ಪೀಕರ್ ಮಾತ್ರ. ಟಿವಿಗೆ ಆಲ್ ಚಾನೆಲ್ ಸ್ಟೀರಿಯೊ ಇಟ್ಟಿದ್ದೇನೆ, ಅಮ್ಮನಿಗೆ ಅಡುಗೆಮನೆಗೂ ಕೇಳಲಿ ಅಂತ. ಹಿಂದಿನ ಬಲಗಡೆ ಸ್ಪೀಕರ್ ಹೇಗೂ ಮಳೆಗಾಲ ಶುರುವಾದಾಗಿಂದ ಮಾತಾಡ್ತಿಲ್ಲ. ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ, ಬೇರೆ ತೊಂದರೆ ಅದು.

ಸೀರೀಸ್‌ಬಲ್ಬ್ | ಶನಿವಾರ, ರಾತ್ರಿ 8:53

ಬೇರೆ ತೊಂದರೆ ಅಲ್ಲ ಸ್ವಾಮಿ, ಅದೇ ತೊಂದರೆ! ಈಗಲೇ ರಿಸೀವರ್ ಆಫ್ ಮಾಡಿ, ಪ್ಲಗ್ ಕಿತ್ತು, ಆ ಸ್ಪೀಕರ್‌ನ ಎರಡೂ ವೈರ್ ರಿಸೀವರ್ ಹಿಂದಿನಿಂದ ಬಿಚ್ಚಿಡಿ. ಆಮೇಲೆ ಅಮ್ಮನಿಗೆ ಟಿವಿ ಹಾಕಿಕೊಡಿ.

ಯಾಕೆ ಹೀಗಾಗುತ್ತೆ ಅಂತ ಹೇಳ್ತೀನಿ. ಆ ವೈರ್ ಎಲ್ಲೋ ಶಾರ್ಟ್ ಆಗಿದೆ, ಎರಡು ಎಳೆ ಒಂದಕ್ಕೊಂದು ತಾಗಿವೆ. ಡೈರೆಕ್ಟ್ ಮೋಡ್‌ನಲ್ಲಿ ಆ ಚಾನೆಲ್‌ಗೆ ಸಿಗ್ನಲ್ಲೇ ಹೋಗಲ್ಲ, ಹಾಗಾಗಿ ಶಾರ್ಟ್ ಇದ್ದರೂ ಕರೆಂಟ್ ಹರಿಯಲ್ಲ. ಎಷ್ಟು ಬೇಕಾದರೂ ಚೆಂಡೆ ಬಾರಿಸಿ. ಆಲ್ ಚಾನೆಲ್ ಸ್ಟೀರಿಯೊದಲ್ಲಿ ಐದಕ್ಕೂ ಸಿಗ್ನಲ್ ಹೋಗುತ್ತೆ. 2 ವೋಲ್ಟ್ ಅಂದರೆ 8 ಓಮ್ ಸ್ಪೀಕರ್‌ಗೆ ಕಾಲು ಆಂಪಿಯರ್, ಅರ್ಧ ವ್ಯಾಟ್. ಅದೇ 2 ವೋಲ್ಟ್ 0.4 ಓಮ್‌ನ ಶಾರ್ಟ್‌ಗೆ ಹೋದರೆ 5 ಆಂಪಿಯರ್. ಮೆಲ್ಲಗೆ ಮಾತು ನಡೀವಾಗ ತಡ್ಕೊಳ್ಳುತ್ತೆ, ಜಾಹೀರಾತು ಬಂದರೆ ಪ್ರೊಟೆಕ್ಷನ್ ಕಟ್ ಮಾಡುತ್ತೆ. ಅಂಗಡಿಯವರು ಎರಡೇ ಸ್ಪೀಕರ್ ಹಾಕಿ ನೋಡಿರಬೇಕು. ನಿಮ್ಮ ವೈರ್ ಮನೆಯಲ್ಲೇ ಇತ್ತಲ್ಲ, ಅಲ್ಲಿ ಹೇಗೆ ಸಿಗುತ್ತೆ?

ಅಡಿಕೆತೋಟ | ಶನಿವಾರ, ರಾತ್ರಿ 10:20

ಬಿಚ್ಚಿಟ್ಟೆ. ಅಷ್ಟರಿಂದ ಒಂದು ಸಲವೂ ಆಫ್ ಆಗಿಲ್ಲ. ಬೇಕಂತಲೇ ವಾಲ್ಯೂಮ್ ಏರಿಸಿಯೂ ನೋಡಿದೆ. ಏನು ಹೇಳಬೇಕೋ ಗೊತ್ತಾಗ್ತಿಲ್ಲ ಸರ್. ಆ ವೈರ್ ಅಟ್ಟದ ಮೇಲೆ ಹೋಗಿದೆ, ಒಟ್ಟು 14 ಮೀಟರ್, ಎಲ್ಲಿ ಅಂತ ಹುಡುಕಲಿ? ಅಡಿಕೆ ಮೂಟೆ ತುಂಬಿವೆ.

ಸೀರೀಸ್‌ಬಲ್ಬ್ | ಭಾನುವಾರ, ಬೆಳಿಗ್ಗೆ 7:30

ಮೂಟೆ ಎಲ್ಲ ಸರಿಸಬೇಡಿ. ಮಲ್ಟಿಮೀಟರ್ ಇದೆಯಲ್ಲ, 200 ಓಮ್ ರೇಂಜ್‌ಗೆ ಇಡಿ. ಮೊದಲು ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ, ಏನು ತೋರಿಸುತ್ತೆ ಬರೆದುಕೊಳ್ಳಿ. ಆಮೇಲೆ ಎಲ್ಲ ಸ್ಪೀಕರ್ ವೈರ್‌ಗಳನ್ನೂ ರಿಸೀವರ್‌ನಿಂದ ಬಿಚ್ಚಿ ಒಂದೊಂದನ್ನೇ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸುತ್ತೆ, ಗಾಬರಿ ಬೀಳಬೇಡಿ. ವೈರ್ ದಪ್ಪ ಎಷ್ಟು ಅಂತಲೂ ತಿಳಿಸಿ.

ಅಡಿಕೆತೋಟ | ಭಾನುವಾರ, ಬೆಳಿಗ್ಗೆ 9:10

ಕಡ್ಡಿ ತಾಗಿಸಿದರೆ 0.2. ಮುಂದಿನವು 6.1 ಮತ್ತು 6.0, ಮಧ್ಯದ್ದು 5.8, ಹಿಂದಿನ ಎಡ 6.4, ಹಿಂದಿನ ಬಲ 0.5. ವೈರ್ 1 ಚದರ ಮಿ.ಮೀ.

ಸೀರೀಸ್‌ಬಲ್ಬ್ | ಭಾನುವಾರ, ಬೆಳಿಗ್ಗೆ 9:25

0.5ರಲ್ಲಿ ಕಡ್ಡಿಯ 0.2 ಕಳೆದರೆ 0.3 ಓಮ್. 1 ಚದರ ಮಿ.ಮೀ. ತಾಮ್ರಕ್ಕೆ ಮೀಟರಿಗೆ ಸುಮಾರು 0.017 ಓಮ್, ಹೋಗೋ ಎಳೆ, ಬರೋ ಎಳೆ ಸೇರಿ 0.034. ಭಾಗಿಸಿದರೆ ಹತ್ತಿರಹತ್ತಿರ 9 ಮೀಟರ್. ರಿಸೀವರ್‌ನಿಂದ ವೈರ್ ಜೊತೆ ಅಷ್ಟು ದೂರ ಹೋಗಿ, ಅಲ್ಲಿಂದ ಆಚೀಚೆ ನೋಡಿ.

ಕುಡ್ಲ_ಹೈಫೈ | ಭಾನುವಾರ, ಬೆಳಿಗ್ಗೆ 9:40

ಮುನ್ನೂರು ರೂಪಾಯಿಯ ಮೀಟರಿನಲ್ಲಿ 0.3 ಓಮ್ ಅಳೆದು ಜಾಗ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಕೊನೆಯ ಅಂಕಿ ಒಂದು ಹೆಚ್ಚುಕಡಿಮೆ ಆದರೆ ಮೂರು ಮೀಟರ್ ವ್ಯತ್ಯಾಸ ಆಯಿತಲ್ಲ? ಹಳೆ ವೈರ್ ಬಿಟ್ಟು ಹೊಸತು ಎಳೆಯುವುದೇ ಒಳ್ಳೆಯದು. ನಾನು ಮನೆ ಕಟ್ಟುವಾಗಲೇ ಎಲ್ಲ ಸ್ಪೀಕರಿಗೂ ಗೋಡೆಯೊಳಗೆ ಪೈಪ್ ಹಾಕಿಸಿ 2.5 ಚದರ ಮಿ.ಮೀ. ಎಳೆಸಿದ್ದು.

ಸೀರೀಸ್‌ಬಲ್ಬ್ | ಭಾನುವಾರ, ಬೆಳಿಗ್ಗೆ 9:52

ಮೂರು ಮೀಟರ್ ವ್ಯತ್ಯಾಸ ಆದರೂ ಪರವಾಗಿಲ್ಲ. ಹದಿನಾಲ್ಕು ಮೀಟರ್ ಹುಡುಕೋ ಬದಲು ಆರು ಮೀಟರ್ ಹುಡುಕಿದರೆ ಅರ್ಧದಷ್ಟು ಮೂಟೆ ಸರಿಸೋದು ಉಳಿಯಿತು. ಅವರ ಹತ್ತಿರ ಇರೋ ಮೀಟರ್ ಅದು, ಅದರಲ್ಲೇ ಕೆಲಸ ಆಗಬೇಕು.

ಅಡಿಕೆತೋಟ | ಭಾನುವಾರ, ಮಧ್ಯಾಹ್ನ 1:15

ಸಿಕ್ಕಿತು! ಎಂಟೂವರೆ ಮೀಟರ್‌ನಲ್ಲಿ, ತೊಲೆಯ ಮೇಲೆ ವೈರ್ ಬಾಗೋ ಜಾಗದಲ್ಲಿ. ಇಲಿ ಕಡಿದಿದೆ. ನಾಲ್ಕು ಬೆರಳಗಲ ಪ್ಲಾಸ್ಟಿಕ್ಕೇ ಇಲ್ಲ, ಎರಡೂ ಕಡೆಯ ತಾಮ್ರದ ಎಳೆ ಹಸಿರುಗಟ್ಟಿ ಒಂದಕ್ಕೊಂದು ಹೊಸೆದುಕೊಂಡಿವೆ. ಮಳೆ ಶುರುವಾದ ಮೇಲೆ ಹೊರಗಿನ ಇಲಿ ಎಲ್ಲ ಅಟ್ಟ ಹತ್ತುತ್ತವೆ, ನಮ್ಮಲ್ಲಿ ಪ್ರತಿ ವರ್ಷದ ಗೋಳು. ಅಲ್ಲಿ ವೈರ್ ಇದೆ ಅನ್ನೋದೇ ನನಗೆ ಹೊಳೆದಿರಲಿಲ್ಲ. ಆ ತುಂಡು ಕತ್ತರಿಸಿ ಹೊಸ ತುಂಡು ಸೇರಿಸಿದರೆ ಸಾಕಾ?

ಸೀರೀಸ್‌ಬಲ್ಬ್ | ಭಾನುವಾರ, ಮಧ್ಯಾಹ್ನ 1:40

ಹಸಿರುಗಟ್ಟಿದ್ದರೆ ಎರಡೂ ಕಡೆ ಹೊಳೆಯೋ ತಾಮ್ರ ಬರೋ ತನಕ ಕತ್ತರಿಸಿ. ಬೆಸುಗೆ ಹಾಕಿ, ಪ್ರತಿ ಎಳೆಗೂ ಬೇರೆ ಬೇರೆ ಸ್ಲೀವ್ ಹಾಕಿ, ಎರಡು ಕೂಡು ಒಂದೇ ಜಾಗದಲ್ಲಿ ಬರದ ಹಾಗೆ ಹಿಂದೆಮುಂದೆ ಮಾಡಿ. ಅಟ್ಟದ ಭಾಗ ಪೂರ್ತಿ ಪಿವಿಸಿ ಪೈಪ್ ಒಳಗೆ ಹಾಕಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇನ್ನೊಂದು ಕಡೆ ಕಡಿಯುತ್ತೆ. ಮತ್ತೆ ಸ್ಪೀಕರ್ ಜೋಡಿಸೋ ಮೊದಲು ಆ ಚಾನೆಲ್‌ನ ಟರ್ಮಿನಲ್‌ನಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ, ವಾಲ್ಯೂಮ್ ಪೂರ್ತಿ ಇಳಿಸಿ. ಇಷ್ಟು ದಿನ ಶಾರ್ಟ್ ತಿಂದಿದೆ, ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಏಟು ಬಿದ್ದಿರಬಹುದು. 50 ಮಿಲಿವೋಲ್ಟ್ ಒಳಗಿದ್ದರೆ ಧೈರ್ಯವಾಗಿ ಜೋಡಿಸಿ.

ಅಡಿಕೆತೋಟ | ಬುಧವಾರ, ರಾತ್ರಿ 9:35

ಡಿಸಿ 11 ಮಿಲಿವೋಲ್ಟ್ ಇತ್ತು, ಜೋಡಿಸಿದೆ. ಮೂರು ಸಂಜೆ ಆಯ್ತು, ಐದೂ ಸ್ಪೀಕರ್ ಮಾತಾಡ್ತಿವೆ, ಒಂದು ಸಲವೂ ಟಿಕ್ ಅಂದಿಲ್ಲ. ಪೈಪ್ ಹಾಕಿಸಿದ್ದಕ್ಕೆ 340 ರೂಪಾಯಿ. ಅಮ್ಮ ಸೀರೀಸ್‌ಬಲ್ಬ್ ಅವರಿಗೆ ಕೈಮುಗಿದಿದ್ದಾರೆ, ಸಾಗರದ ಕಡೆ ಬಂದರೆ ಊಟಕ್ಕೆ ಬರಲೇಬೇಕಂತೆ.

ಧಾರವಾಡ_ಡೆಕ್ | ಬುಧವಾರ, ರಾತ್ರಿ 9:50

ಭಾಳ ಸಂತೋಷ ಆತು. ಸ್ಟೆಬಿಲೈಸರ್ ಮಾತ್ರ ತಗೀಬ್ಯಾಡ್ರಿ. 188 ಬರೂ ಊರಾಗ ಫ್ರಿಜ್‌ಗೆ ಹಚ್ಚ್ರಿ, ಕಂಪ್ರೆಸರ್ ಉಳೀತದ.

ಮೈಸೂರು_ಮೋನೊ | ಗುರುವಾರ, ಬೆಳಿಗ್ಗೆ 11:20

ಇದರಲ್ಲೇ ಕೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ನನ್ನ ರಿಸೀವರ್ ಕೂಡ ತಾನಾಗೇ ಆಫ್ ಆಗುತ್ತೆ, ಎರಡು ದಿನದಿಂದ. ಎಲ್ಲ ವೈರ್ ಅಳೆದೆ, ಎಲ್ಲವೂ 6 ಓಮ್ ಮೇಲೇ ಇದೆ. ಏನು ಮಾಡಲಿ?

ಸೀರೀಸ್‌ಬಲ್ಬ್ | ಗುರುವಾರ, ಮಧ್ಯಾಹ್ನ 12:05

ಕೆಂಪು ದೀಪ ಮಿನುಗುತ್ತಾ? ಆಫ್ ಆಗೋ ಹೊತ್ತಿಗೆ ಟಿವಿ ಆನ್ ಇತ್ತಾ?