ಗಾಣದ ಎಣ್ಣೆ ಅಂಗಡಿಯ ಇಮೇಲ್ ಪಟ್ಟಿ 140ಕ್ಕೇ ನಿಂತಿದೆ, ಬೆಳೆಸೋದು ಹೇಗೆ?

ಗಾಣದಮನೆ_ತುಮಕೂರು:
ತುಮಕೂರು ಬಿ.ಎಚ್. ರಸ್ತೆಯಲ್ಲಿ ಮರದ ಗಾಣ ಇದೆ. ಕೊಬ್ಬರಿ ತಿಪಟೂರಿಂದು, ಕಡಲೆಕಾಯಿ ಪಾವಗಡದ್ದು, ಜೊತೆಗೆ ಹುಚ್ಚೆಳ್ಳು. ಗಿರಾಕಿಗಳಲ್ಲಿ ಅರ್ಧ ಜನ ಬೆಂಗಳೂರಿನೋರು, ಊರಿಗೆ ಹೋಗಿ ಬರುವಾಗ ಗಾಡಿ ನಿಲ್ಲಿಸಿ ಒಯ್ಯೋರು. 15 ದಿನಕ್ಕೊಂದು ಇಮೇಲ್ ಕಳಿಸ್ತೀವಿ, ಜಿಮೇಲ್‌ನಲ್ಲೇ ಬಿಸಿಸಿ ಹಾಕಿ. ಗಲ್ಲಾ ಪಕ್ಕ ಪುಸ್ತಕ ಇಟ್ಟು ವಿಳಾಸ ಬರೆಸ್ಕೋತೀವಿ, ಅದರಲ್ಲಿ ಎಷ್ಟೋ ವಾಪಸ್ ಬರುತ್ತೆ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ 1,100 ವಿಳಾಸ ಬಿದ್ದಿವೆ, ಸೇರಿಸಿಬಿಡ್ಲಾ? ವಾಟ್ಸಾಪ್ ಇರುವಾಗ ಇದೆಲ್ಲ ಯಾಕೆ ಅಂತಾನೂ ಕೆಲವರು ಕೇಳ್ತಾರೆ.

ಶಿರಾಗೇಟ್_ಪ್ರಚಾರ:
ಆ 1,100ನ್ನ ಮುಟ್ಟಬೇಡಿ ಸರ್. ಬಿಲ್ಲಿಗೆ ಕೊಟ್ಟ ವಿಳಾಸ ಬಿಲ್ಲಿಗೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳೋದೂ ಇದನ್ನೇ: ಒಪ್ಪಿಗೆ ಯಾವ ಕೆಲಸಕ್ಕೆ ಅನ್ನೋದು ಸ್ಪಷ್ಟ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋ ಹಾಗಿರಬೇಕು. ಕಾಯ್ದೆ ಆಚೆಗಿರಲಿ, ನಿಮ್ಮ ಅಂಗಡಿ ನೆನಪೇ ಇಲ್ಲದೋರು ಸ್ಪ್ಯಾಮ್ ಒತ್ತುತ್ತಾರೆ. ಆಮೇಲೆ ಮೇಲ್‌ಗೆ ಕಾದಿರೋ 140 ಜನಕ್ಕೂ ಅದು ಸ್ಪ್ಯಾಮ್‌ಗೇ ಹೋಗುತ್ತೆ.

ಪುಸ್ತಕದ ತೊಂದರೆ ಕೈಬರಹದ್ದು. ಗೆರೆ ಹಾಕಿದ ಪುಸ್ತಕದಲ್ಲಿ ಅಂಡರ್‌ಸ್ಕೋರ್ ಆ ಗೆರೆಯಲ್ಲೇ ಮುಚ್ಚಿಹೋಗುತ್ತೆ. ಇಂಗ್ಲಿಷಿನ ಸಣ್ಣ ‘l’ ಅಕ್ಷರವೂ 1 ಅಂಕೆಯೂ ಒಂದೇ ಥರ ಕಾಣುತ್ತೆ. ಜಿಮೇಲ್ ವಿಳಾಸದಲ್ಲಿ ಚುಕ್ಕಿ ಬಿಟ್ಟುಹೋದ್ರೆ ಚಿಂತೆ ಇಲ್ಲ, ಹೆಸರಿನ ನಡುವಿನ ಚುಕ್ಕಿಯನ್ನ ಜಿಮೇಲ್ ಲೆಕ್ಕಕ್ಕೇ ತಗೊಳ್ಳಲ್ಲ.

ಅದರ ಬದಲು ಕ್ಯೂಆರ್ ಇಡಿ, ಆದರೆ ಯುಪಿಐ ಸ್ಟ್ಯಾಂಡ್ ಪಕ್ಕದಲ್ಲಿ ಬೇಡ. ಜನ ಅಭ್ಯಾಸಬಲದಿಂದ ದುಡ್ಡು ಕಟ್ಟೋ ಆ್ಯಪ್ ತೆಗೆದು ಇದನ್ನ ಸ್ಕ್ಯಾನ್ ಮಾಡ್ತಾರೆ, ಆಗಲಿಲ್ಲ ಅಂತ ಬಿಟ್ಟುಬಿಡ್ತಾರೆ. ಕ್ಯಾನಿಗೆ ಎಣ್ಣೆ ತುಂಬೋವರೆಗೂ ಗಿರಾಕಿ ನಿಂತಿರ್ತಾರಲ್ಲ, ಆ ಎದುರಿನ ಗೋಡೆಗೆ ಹಾಕಿ. ಓದೋ ದೂರದ ಹತ್ತನೇ ಒಂದು ಭಾಗ ಅಗಲ ಬೇಕು, ಅಂದ್ರೆ 1 ಮೀಟರಿಗೆ 10 ಸೆಂ.ಮೀ. ಬಾಟಲ್ ಲೇಬಲ್‌ಗೆ 2.5 ಸೆಂ.ಮೀ. ಸಾಕು. ಅದಕ್ಕಿಂತ ದೊಡ್ಡದು ಹಾಕಿದ್ರೆ ಬಾಟಲ್ ದುಂಡಗೆ ತಿರುಗೋ ಕಡೆ ಅಂಚು ಮರೆಯಾಗುತ್ತೆ. ಸುತ್ತ ಬಿಳಿ ಜಾಗ ಬಿಡಿ, ಲ್ಯಾಮಿನೇಷನ್ ಇರೋ ಲೇಬಲ್ಲೇ ಮಾಡಿಸಿ. ಎಣ್ಣೆಗೈಯಲ್ಲಿ ಸಾದಾ ಕಾಗದ ಎರಡು ದಿನಕ್ಕೆ ಅಳಿಸಿಹೋಗುತ್ತೆ.

ಫಾರಂನಲ್ಲಿ ಹೆಸರು, ಇಮೇಲ್, ಎರಡೇ. ಹುಟ್ಟಿದ ದಿನ, ವಿಳಾಸ, ಫೋನ್ ಅಂತ ಕೇಳ್ತಾ ಹೋದಷ್ಟೂ ಅರ್ಧಕ್ಕೆ ಬಿಡೋರು ಜಾಸ್ತಿ. ‘ನಮ್ಮ ಸುದ್ದಿಪತ್ರಕ್ಕೆ ಸೇರಿ’ ಅಂದ್ರೆ ಯಾರೂ ಸೇರಲ್ಲ. ಬದಲಿಗೆ ಹೀಗೆ ಬರೀರಿ: ‘ಮುಂದಿನ ಗಾಣ ಯಾವತ್ತು, ಯಾವ ಎಣ್ಣೆ, ದರ ಎಷ್ಟು, ಎರಡು ದಿನ ಮುಂಚೆ ತಿಳಿಸ್ತೀವಿ.’ ಬೆಂಗಳೂರಿಂದ ಬರೋರಿಗೆ ಬೇಕಿರೋದೇ ಅದು. ತಿಪಟೂರು ಎಪಿಎಂಸಿಲಿ ಕೊಬ್ಬರಿ ದರ ಏರಿದಾಗ ನಿಮ್ಮ ಎಣ್ಣೆ ದರ ಯಾಕೆ ಏರ್ತು ಅಂತ ನಾಲ್ಕು ಸಾಲು ಬರೀರಿ. ಡಿಸೆಂಬರ್ ಶುರುವಲ್ಲಿ ಇನ್ನೊಂದು: ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗೆ ಇಳಿದ್ರೆ ಹೆಪ್ಪುಗಟ್ಟುತ್ತೆ, ಅದು ಕಲಬೆರಕೆ ಅಲ್ಲ ಅಂತ. ಈ ಥರದ ಮೇಲನ್ನ ಜನ ತಾವೇ ನೆಂಟರಿಗೆ ಫಾರ್ವರ್ಡ್ ಮಾಡ್ತಾರೆ, ಕೆಳಗೆ ಸೇರೋ ಲಿಂಕ್ ಇರಲಿ.

ಡೊಮೈನ್_ರಂಗ:
ಬಿಸಿಸಿ ನಿಲ್ಲಿಸಿ. ಸಾದಾ ಜಿಮೇಲ್‌ಗೆ ದಿನಕ್ಕೆ 500ರ ಮಿತಿ ಇದೆ. ಅದಕ್ಕಿಂತ ಹೆಚ್ಚಾಗಿ, ಒಂದಿನ ಕೈತಪ್ಪಿ ಬಿಸಿಸಿ ಬದಲು ಸಿಸಿಗೆ ಹಾಕಿದ್ರೆ ಎಲ್ಲರ ವಿಳಾಸ ಎಲ್ಲರಿಗೂ ಗೊತ್ತಾಗುತ್ತೆ. ಸ್ವಂತ ಡೊಮೈನ್ (ಅಂಗಡಿ ಹೆಸರಿನ ಇಂಟರ್ನೆಟ್ ವಿಳಾಸ) ತಗೊಂಡು, ಸುದ್ದಿಪತ್ರ ಕಳಿಸೋ ಯಾವುದಾದರೂ ಸೇವೆಗೆ ಜೋಡಿಸಿ.

ಜೋಡಿಸುವಾಗ ಎಡವೋದು ಡಿಎನ್‌ಎಸ್‌ನಲ್ಲಿ, ಅಂದ್ರೆ ಡೊಮೈನ್‌ನ ಸೆಟ್ಟಿಂಗ್ಸ್ ಬರೆದಿಡೋ ಕಡೆ. ಒಂದು ಡೊಮೈನ್‌ಗೆ ಎಸ್‌ಪಿಎಫ್ ದಾಖಲೆ (ನಿಮ್ಮ ಹೆಸರಲ್ಲಿ ಮೇಲ್ ಕಳಿಸೋಕೆ ಯಾರಿಗೆ ಅನುಮತಿ ಅನ್ನೋ ಸಾಲು) ಒಂದೇ ಇರಬೇಕು. ಮೇಲ್ ಸೇವೆಯದ್ದು ಈಗಾಗಲೇ ಇದ್ರೆ ಹೊಸದನ್ನ ಅದೇ ಸಾಲಿಗೆ ಸೇರಿಸಿ. ಎರಡು ಸಾಲು ಮಾಡಿದ್ರೆ ಎರಡೂ ಕೆಲಸ ಮಾಡಲ್ಲ. ಡಿಕಿಮ್ (ಮೇಲ್ ನಿಮ್ಮದೇ ಅಂತ ತೋರಿಸೋ ಡಿಜಿಟಲ್ ಸಹಿ) ಹಾಕುವಾಗ ಕೆಲವು ಪ್ಯಾನೆಲ್‌ಗಳು ಡೊಮೈನ್ ಹೆಸರನ್ನ ತಾವೇ ಕೊನೆಗೆ ಸೇರಿಸ್ತವೆ. ನೀವೂ ಪೂರ್ತಿ ಹೆಸರು ಹಾಕಿದ್ರೆ ಅದು ಎರಡು ಸಲ ಆಗಿ ದೃಢೀಕರಣ ಆಗೋದೇ ಇಲ್ಲ. ಡಿಮಾರ್ಕ್‌ನ (ಈ ಪರೀಕ್ಷೆ ದಾಟದ ಮೇಲನ್ನ ಏನು ಮಾಡಬೇಕು ಅನ್ನೋ ಸೂಚನೆ) ಮೊದಲು ‘none’ (ಏನೂ ಮಾಡಬೇಡ) ನೀತಿಯಲ್ಲಿಟ್ಟು ವರದಿ ನೋಡಿ, ಆಮೇಲೆ ಬಿಗಿ ಮಾಡಿ. ಫೆಬ್ರವರಿ 2024ರಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಮೇಲ್ ಕಳಿಸೋರಿಗೆ ಈ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗೋ ಗುಂಡಿಯೂ ಬೇಕು. ನಿಮ್ಮಂಥ ಸಣ್ಣೋರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದ್ರೂ ಇರಲೇಬೇಕು. ಮೂರನ್ನೂ ಈಗಲೇ ಹಾಕಿಬಿಡಿ, ಅರ್ಧ ಗಂಟೆ ಕೆಲಸ.

ಸ್ಪ್ಯಾಮ್ ದೂರು ಶೇ. 0.1ರ ಒಳಗಿರಲಿ, 0.3 ಮುಟ್ಟಲೇಬಾರದು ಅನ್ನುತ್ತೆ ಜಿಮೇಲ್. 140 ಜನರ ಪಟ್ಟೀಲಿ ಒಬ್ಬರು ಒತ್ತಿದ್ರೂ ಶೇ. 0.7! ಅದಕ್ಕೇ ಹೊರಹೋಗೋ ಲಿಂಕನ್ನ ಅಡಗಿಸಬೇಡಿ. ಹೋಗೋರು ಹೋಗಲಿ, ಸ್ಪ್ಯಾಮ್ ಒತ್ತೋದಕ್ಕಿಂತ ವಾಸಿ.

ಮಾವಿನತೋಪು_ಕೋಲಾರ:
ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಹೋಗುತ್ತೆ. ದಾರಿಹೋಕ ಗಿರಾಕಿ ಎಲ್ಲಿ ಸೇವ್ ಮಾಡ್ತಾರೆ? ಎರಡೂ ಇಟ್ಕೊಳ್ಳಿ.

15 ದಿನದ ಲಯ ತಪ್ಪಿಸಬೇಡಿ. ಶ್ರೀನಿವಾಸಪುರ ಕಡೆ ಮಾವು ಮಾರೋರಲ್ಲಿ ಇದೇ ತಪ್ಪು: ಮೇ ತಿಂಗಳಲ್ಲಿ ವಾರಕ್ಕೆ ಮೂರು ಮೇಲ್, ಜುಲೈ ಕಳೆದ ಮೇಲೆ ಒಂಬತ್ತು ತಿಂಗಳು ಸದ್ದೇ ಇಲ್ಲ. ಮುಂದಿನ ಸುಗ್ಗಿಗೆ ‘ಬಾದಾಮಿ ಬಂತು’ ಅಂತ ಕಳಿಸಿದ್ರೆ ಅರ್ಧ ಜನಕ್ಕೆ ಇವರ್ಯಾರು ಅಂತಲೇ ಗೊತ್ತಿರಲ್ಲ. ಹೂ ಬಿಟ್ಟಾಗೊಂದು, ಕಾಯಿ ಕಚ್ಚಿದಾಗೊಂದು ಹಾಕಿದ್ರೂ ನೆನಪಿರುತ್ತೆ.

ಗಾಣದಮನೆ_ತುಮಕೂರು:
ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಪಾಂಪ್ಲೆಟ್ ಮಾಡಿದ್ದು ನುಡಿ ತಂತ್ರಾಂಶದಲ್ಲಿ. ಅದನ್ನ ಮೇಲ್‌ಗೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರದ ಗೋಜಲು ಬರುತ್ತೆ, ಅದಕ್ಕೇ ಫೋಟೋ ಮಾಡಿ ಹಾಕ್ತಿದೀವಿ. ಮತ್ತೆ, ಪುಸ್ತಕ ತೆಗೆದೇಬಿಡ್ಲಾ? ವಯಸ್ಸಾದೋರು ಸ್ಕ್ಯಾನ್ ಮಾಡಲ್ಲ.

ಡೊಮೈನ್_ರಂಗ:
ನುಡಿಯ ಹಳೇ ಫಾಂಟ್ ಯೂನಿಕೋಡ್ (ಎಲ್ಲ ಫೋನಲ್ಲೂ ಕನ್ನಡ ಕನ್ನಡವಾಗೇ ಕಾಣಿಸೋ ಪದ್ಧತಿ) ಅಲ್ಲ. ಆ ಫಾಂಟ್ ಇಲ್ಲದ ಫೋನಲ್ಲಿ ಅದು ಇಂಗ್ಲಿಷ್ ಅಕ್ಷರವೇ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿ ಬಂದಿದೆಯಾ ಒಂದ್ಸಲ ಓದಿ, ಆಮೇಲೆ ಪೇಸ್ಟ್ ಮಾಡಿ. ಬರೀ ಫೋಟೋ ಮೇಲ್ ಬೇಡ. ಚಿತ್ರ ತಡೆದಿಟ್ಟೋರಿಗೆ ಖಾಲಿ ಪುಟ ಕಾಣುತ್ತೆ, ಹುಡುಕಿದ್ರೂ ಸಿಗಲ್ಲ. ವಿಷಯದ ಸಾಲಿನಲ್ಲಿ ದಿನಾಂಕ, ಎಣ್ಣೆ ಹೆಸರು ಮೊದಲು ಬರಲಿ, ಫೋನಲ್ಲಿ ಉದ್ದ ಸಾಲಿನ ಬಾಲ ಕಾಣಲ್ಲ.

ಶಿರಾಗೇಟ್_ಪ್ರಚಾರ:
ಪುಸ್ತಕ ಇರಲಿ, ಗೆರೆ ಪುಸ್ತಕ ಬೇಡ. ಚೌಕಳಿ ಹಾಳೇಲಿ ಒಂದು ಚೌಕಕ್ಕೆ ಒಂದು ಅಕ್ಷರ ಬರೆಸಿ, ನೀವೇ ಜೋರಾಗಿ ಓದಿ ಹೇಳಿ. ಎಣ್ಣೆ ತುಂಬೋಷ್ಟರಲ್ಲಿ ಟೈಪ್ ಮಾಡಿ ದೃಢೀಕರಣದ ಮೇಲ್ ಕಳಿಸಿ, ಅವರು ಅಂಗಡಿಲಿ ನಿಂತಿರುವಾಗಲೇ ತೆರೆಸಿ ಲಿಂಕ್ ಒತ್ತಿಸಿ. ತಪ್ಪಿದ್ರೆ ಅಲ್ಲೇ ತಿದ್ದಬಹುದು. ‘ಯಾವ ಎಣ್ಣೆ ಬೇಕು?’ ಅಂತ ಸ್ವಾಗತದ ಮೇಲಲ್ಲೇ ಕೇಳಿ. ಒಂದು ಪದದ ಉತ್ತರ ಬಂದ್ರೂ ಮುಂದಿನ ಮೇಲ್ ಜಿಮೇಲ್‌ನ ಪ್ರಮೋಷನ್ಸ್ (ಜಾಹೀರಾತು ಮೇಲ್) ವಿಭಾಗ ಬಿಟ್ಟು ಇನ್‌ಬಾಕ್ಸಿಗೆ ಬೀಳೋ ಸಂಭವ ಹೆಚ್ಚು. ಎಷ್ಟು ಜನ ತೆರೆದರು ಅನ್ನೋ ಅಂಕಿ ನಂಬಬೇಡಿ. ಮೇಲ್‌ನ ಚಿತ್ರ ಇಳಿದ್ರೆ ತೆರೆದ ಹಾಗೆ ಲೆಕ್ಕ, ಆದರೆ 2021ರಿಂದ ಐಫೋನಿನ ಮೇಲ್ ಆ್ಯಪ್ ಚಿತ್ರಗಳನ್ನ ತಾನೇ ಮುಂಚಿತವಾಗಿ ಇಳಿಸ್ಕೊಳ್ಳುತ್ತೆ, ಓದದಿದ್ರೂ ಓದಿದ ಲೆಕ್ಕ. ಮೇಲ್ ನೋಡಿ ಎಷ್ಟು ಲೀಟರ್ ಬುಕ್ ಆಯ್ತು, ಅದನ್ನ ಬರೆದಿಡಿ.